ಕಾರ್ನ್‌ವಾಲಿಸ್ ನಡೆದ ದಾರಿ

ಹೆಬ್ಬಾಳದ ಮೇಲುಸೇತುವೆ ಇಳಿದು ಯಲಹಂಕದ ಕಡೆಗೆ ಬರುವ ರಸ್ತೆಯನ್ನು ರಾತ್ರಿ ಹನ್ನೊಂದರ ಮೇಲೆ ಒಮ್ಮೆ ನೋಡಬೇಕು. 2008ರಲ್ಲಿ ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ರಸ್ತೆಗೆ ನಿದ್ದೆಯೇ ಇಲ್ಲ. ಕಾರಿನ ನೆತ್ತಿಯ ಮೇಲೆ ದೊಡ್ಡ ದೊಡ್ಡ ಸೂಟ್‌ಕೇಸುಗಳು, ಅವುಗಳೊಳಗೆ ಚಟ್ನಿಪುಡಿ, ಸಾರಿನ ಪುಡಿ, ಬಾಣಂತಿಗೆಂದು ಮಾಡಿದ ಅಂಟಿನುಂಡೆ. ಮಗಳ ಬಾಣಂತನಕ್ಕೆ, ಸೊಸೆಯ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರ ಸಾಲು ಅದು. ನಮ್ಮ ಬೀದಿಯೊಂದರಲ್ಲೇ ಹೀಗೆ ಹೋಗಿಬಂದವರು ಐದಾರು ಮಂದಿ ಇದ್ದಾರೆ. ಅಲ್ಲಿನ ಹಿಮ, ಅಂಗಡಿಗಳ ವಿಸ್ತಾರ, ಪಾತ್ರೆ ತೊಳೆಯುವ ಯಂತ್ರ ಎಲ್ಲವೂ ಅವರಿಗೆ ಬಾಯಿಪಾಠ. ಆ ದೇಶವನ್ನು ಆಳುವುದು ಹೇಗೆ ಎಂದು ಕೇಳಿದರೆ ಮಾತ್ರ "ಅಲ್ಲೊಬ್ಬ ಪ್ರೆಸಿಡೆಂಟು ಇದ್ದಾನಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಈ ರಸ್ತೆಗೂ ಆ ದೇಶದ ಸರ್ಕಾರಕ್ಕೂ ವಿಮಾನಕ್ಕಿಂತ ಬಹಳ ಹಳೆಯ ನಂಟೊಂದಿದೆ. ಅಮೆರಿಕದಲ್ಲಿ ಸೋತು ಬಂದ ಬ್ರಿಟಿಷ್ ಸೇನಾಪತಿಯೊಬ್ಬ 1791ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಹೊರಟು ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ದಿಕ್ಕಿಗೆ ಸೈನ್ಯ ನಡೆಸಿಕೊಂಡು ಹೋದ. ಅವನೇ ಲಾರ್ಡ್ ಕಾರ್ನ್‌ವಾಲಿಸ್. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು. ಅಮೆರಿಕದ ಕ್ರಾಂತಿ ಒಂದು ತರಗತಿಯಲ್ಲಿ, ಮೈಸೂರು ಯುದ್ಧಗಳು ಇನ್ನೊಂದು ತರಗತಿಯಲ್ಲಿ ಬರುತ್ತಿದ್ದವು. ಎರಡರಲ್ಲೂ ಬರುವ ಕಾರ್ನ್‌ವಾಲಿಸ್ ಒಬ್ಬನೇ ಎಂದರೆ ಮಕ್ಕಳು ನಂಬುತ್ತಲೇ ಇರಲಿಲ್ಲ. ಪುಸ್ತಕದ ಎರಡು ಪಾಠಗಳ ನಡುವೆ ಒಬ್ಬ ಮನುಷ್ಯ ಓಡಾಡಬಹುದು ಎನ್ನುವುದೇ ಅವರಿಗೆ ವಿಚಿತ್ರ! ಆದರೆ ಅಮೆರಿಕದ ಸರ್ಕಾರವನ್ನು ಅರ್ಥ ಮಾಡಿಕೊಳ್ಳಲು ನನಗೆ ಈ ಒಬ್ಬ ಮನುಷ್ಯನೇ ಸಾಕಾಯಿತು.

ಜಗಳ ಹತ್ತಿದ್ದು ಚಹಾದಿಂದ. ನಮ್ಮನ್ನಾಳಿದ ಈಸ್ಟ್ ಇಂಡಿಯಾ ಕಂಪನಿಯೇ ಅಲ್ಲಿಗೂ ಚಹಾ ಮಾರುತ್ತಿತ್ತು. ಕಂಪನಿಯ ಗೋದಾಮುಗಳಲ್ಲಿ ಚಹಾ ಮಾರಾಟವಾಗದೆ ಉಳಿದಾಗ ಬ್ರಿಟಿಷ್ ಪಾರ್ಲಿಮೆಂಟು 1773ರಲ್ಲಿ ಒಂದು ಕಾಯ್ದೆ ಮಾಡಿ, ಆ ಚಹಾ ಅಮೆರಿಕದ ವಸಾಹತುಗಳಲ್ಲಿ ಸೋವಿಯಾಗಿ ಸಿಗುವಂತೆ ಮಾಡಿತು. ಪೌಂಡಿಗೆ ಮೂರು ಪೆನ್ನಿಯ ಸುಂಕವನ್ನು ಮಾತ್ರ ಹಾಗೇ ಉಳಿಸಿತು. ಸುಂಕ ಸೇರಿಸಿದರೂ ಚಹಾ ಮೊದಲಿಗಿಂತ ಅಗ್ಗವೇ. ಮನೆ ನಡೆಸುವ ನಾವಾಗಿದ್ದರೆ ಎರಡು ಡಬ್ಬಿ ಹೆಚ್ಚಿಗೇ ತಂದಿಡುತ್ತಿದ್ದೆವೇನೋ. ಅವರು ಕೊಳ್ಳಲಿಲ್ಲ. ಅಗ್ಗವೋ ತುಟ್ಟಿಯೋ ಬೇರೆ ಮಾತು, ನಮ್ಮ ಕಡೆಯವರೊಬ್ಬರೂ ಕೂತಿಲ್ಲದ ಸಭೆ ನಮ್ಮ ಮೇಲೆ ಸುಂಕ ಹಾಕುವುದು ಹೇಗೆ ಎಂಬುದು ಅವರ ತಕರಾರು. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಪಠ್ಯಪುಸ್ತಕದವರು ಬಿಟ್ಟುಬಿಡುವುದು ಇನ್ನೊಂದನ್ನು. ಮುಂದಿನ ವರ್ಷ ಅಕ್ಟೋಬರಿನಲ್ಲಿ ಉತ್ತರ ಕೆರೊಲಿನಾದ ಈಡನ್‌ಟನ್ ಎಂಬ ಸಣ್ಣ ಊರಿನಲ್ಲಿ 51 ಜನ ಹೆಂಗಸರು, ಇಂಗ್ಲೆಂಡಿನ ಮಾಲನ್ನು ಬಹಿಷ್ಕರಿಸುವ ನಿರ್ಧಾರವನ್ನು ನಾವೂ ಪಾಲಿಸುತ್ತೇವೆ ಎಂದು ಒಂದು ಕಾಗದಕ್ಕೆ ತಮ್ಮ ತಮ್ಮ ಹೆಸರು ಬರೆದು ಸಹಿ ಹಾಕಿದರು. ಲಂಡನ್ನಿನವರು ಆ ಹೆಂಗಸರನ್ನು ಗೇಲಿ ಮಾಡಿ ವ್ಯಂಗ್ಯಚಿತ್ರ ಅಚ್ಚು ಹಾಕಿಸಿದರು. ಹೆಂಗಸರಿಗೇಕಪ್ಪ ರಾಜಕೀಯ ಎಂಬ ನಗೆ ಎಲ್ಲ ಕಾಲದಲ್ಲೂ ಒಂದೇ ಥರ.

ನನ್ನ ತಂಗಿಯ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳು 2019ರಲ್ಲಿ ಅಲ್ಲಿಯ ಪೌರತ್ವದ ಪರೀಕ್ಷೆಗೆ ಓದುತ್ತಿದ್ದಳು. ಆಗಿನ ಕ್ರಮದಲ್ಲಿ ನೂರು ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಮೊದಲೇ ಪ್ರಕಟಿಸಿರುತ್ತಿದ್ದರು. ಅವುಗಳಲ್ಲಿ ಹತ್ತನ್ನು ಅಧಿಕಾರಿ ಬಾಯಿಯಲ್ಲೇ ಕೇಳುವುದು, ಆರಕ್ಕೆ ಸರಿಯುತ್ತರ ಕೊಟ್ಟರೆ ತೇರ್ಗಡೆ. (2025ರಲ್ಲಿ ಇದನ್ನು ಬಿಗಿ ಮಾಡಿ 20 ಪ್ರಶ್ನೆ, 12 ಸರಿಯುತ್ತರ ಎಂದು ಬದಲಾಯಿಸಿದರು.) "ದೊಡ್ಡಮ್ಮ, ನೀವು ಟೀಚರ್ ಆಗಿದ್ದವರಲ್ವಾ, ಸ್ವಲ್ಪ ಪ್ರಶ್ನೆ ಕೇಳಿ" ಎಂದು ದಿನಾ ರಾತ್ರಿ ಫೋನು. ಅಲ್ಲಿ ಅವಳು ಆಫೀಸಿಗೆ ಹೊರಡುವ ಹೊತ್ತು, ಇಲ್ಲಿ ನಾನು ಅಡುಗೆಮನೆ ಒರೆಸಿ ಕೂರುವ ಹೊತ್ತು. ಆ ಪಟ್ಟಿಯ ಒಂದು ಪ್ರಶ್ನೆ, ವಸಾಹತಿನ ಜನ ಬ್ರಿಟಿಷರ ವಿರುದ್ಧ ಏಕೆ ಹೋರಾಡಿದರು ಎಂಬುದು. ಒಪ್ಪಿಕೊಳ್ಳುವ ಉತ್ತರಗಳು ಮೂರು. ಪ್ರತಿನಿಧಿಯಿಲ್ಲದೆ ತೆರಿಗೆ ಹಾಕಿದ್ದು ಒಂದು, ಬ್ರಿಟಿಷ್ ಸೈನಿಕರು ಜನರ ಮನೆಗಳಲ್ಲಿ ಬೀಡುಬಿಟ್ಟದ್ದು ಇನ್ನೊಂದು, ಸ್ವಂತ ಆಡಳಿತ ಇಲ್ಲದಿದ್ದದ್ದು ಮತ್ತೊಂದು. ಇದರಲ್ಲಿ ಯಾವುದಾದರೂ ಒಂದು ಹೇಳಿದರೆ ಸಾಕು. ಅವಳು ಒಂದನ್ನು ಹೇಳಿ ಮುಂದಕ್ಕೆ ಹೋದಳು. ಆ ಮೂರು ಉತ್ತರ ನನ್ನ ತಲೆಯಲ್ಲಿ ಉಳಿದುಬಿಟ್ಟವು.

1776ರ ಜುಲೈ 4ರಂದು ಅವರು ಸ್ವತಂತ್ರರೆಂದು ಸಾರಿಕೊಂಡರು. ಯುದ್ಧ ಮಾತ್ರ ಎಳೆಯುತ್ತಲೇ ಹೋಯಿತು. 1781ರ ಅಕ್ಟೋಬರ್ 19ರಂದು ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಜಾರ್ಜ್ ವಾಷಿಂಗ್ಟನ್‌ಗೂ ಫ್ರೆಂಚರಿಗೂ ಶರಣಾಯಿತು. ಶರಣಾಗತಿಯ ಹೊತ್ತಿಗೆ ಕಾರ್ನ್‌ವಾಲಿಸ್ ಮೈ ಹುಷಾರಿಲ್ಲವೆಂದು ಹೇಳಿ ಕತ್ತಿಯನ್ನು ಒಪ್ಪಿಸಲು ತನ್ನ ಕೈಕೆಳಗಿನವನನ್ನು ಕಳಿಸಿದನಂತೆ. ವಾಷಿಂಗ್ಟನ್ನನೂ ಕಡಿಮೆಯವನಲ್ಲ. ಅದನ್ನು ಸ್ವೀಕರಿಸಲು ತನ್ನ ಕೈಕೆಳಗಿನವನನ್ನೇ ತೋರಿಸಿದ.

ಅದೇ ವರ್ಷಗಳಲ್ಲಿ ಇಲ್ಲಿ ಹೈದರಾಲಿ ಇಂಗ್ಲಿಷರನ್ನು ಹಣ್ಣುಮಾಡಿದ್ದ. 1780ರಲ್ಲಿ ಪೊಳ್ಳಿಲೂರಿನಲ್ಲಿ ಅವರ ಒಂದು ದಂಡೇ ನಾಶವಾಗಿತ್ತು. ಆ ಸುದ್ದಿ ಅಮೆರಿಕದವರೆಗೂ ಹೋಗಿತ್ತು ಎಂದರೆ ನಂಬುತ್ತೀರಾ? ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧದ ಹಡಗಿಗೆ 'ಹೈದರಾಲಿ' ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ ಯುವಕ ಆ ಹಡಗಿನಲ್ಲಿ ನಿಂತು, ತನ್ನದಕ್ಕಿಂತ ಹೆಚ್ಚು ಬಲದ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಡೆಲವೇರ್ ಕೊಲ್ಲಿಯಲ್ಲಿ ಅರ್ಧ ಗಂಟೆಯೊಳಗೆ ಸೆರೆ ಹಿಡಿದ. ಮಗ ಟಿಪ್ಪು ಹುಟ್ಟಿದ ದೇವನಹಳ್ಳಿಯ ದಾರಿಯಲ್ಲಿ ಈಗ ಅಮೆರಿಕಕ್ಕೆ ವಿಮಾನ ಹತ್ತುವವರ ಓಡಾಟ. ತಂದೆಯ ಹೆಸರು ಅಲ್ಲಿಯ ನೀರಿನ ಮೇಲೆ 1782ರಲ್ಲೇ ಓಡಾಡಿತ್ತು.

ನಿಜವಾದ ಸ್ವಾರಸ್ಯ ಇರುವುದು ಯುದ್ಧ ಮುಗಿದ ಮೇಲೆ. ಸೋತ ಕಾರ್ನ್‌ವಾಲಿಸನಿಗೆ ಇಂಗ್ಲೆಂಡಿನಲ್ಲಿ ಮರ್ಯಾದೆಯೇನೂ ಕಡಿಮೆಯಾಗಲಿಲ್ಲ. ಅವನನ್ನು 1786ರಲ್ಲಿ ಇಂಡಿಯಾದ ಗವರ್ನರ್ ಜನರಲ್ ಮಾಡಿ ಕಲ್ಕತ್ತೆಗೆ ಕಳಿಸಿದರು. ಬರಿದೇ ಬರಲು ಅವನು ಒಪ್ಪಲಿಲ್ಲ. ಆಡಳಿತವೂ ತನ್ನ ಕೈಯಲ್ಲಿರಬೇಕು, ಸೈನ್ಯವೂ ತನ್ನ ಕೈಯಲ್ಲಿರಬೇಕು, ಸಲಹೆ ಕೊಡುವ ಮಂಡಳಿ ಬೇಡವೆಂದರೂ ತಾನು ಬೇಕಾದ್ದನ್ನು ಮಾಡುವ ಹಾಗಿರಬೇಕು. ಪಾರ್ಲಿಮೆಂಟು ಅದಕ್ಕಾಗಿಯೇ 1786ರಲ್ಲಿ ಕಾಯ್ದೆ ತಿದ್ದಿಕೊಟ್ಟಿತು. ಸರಿಯಾಗಿ ಮರುವರ್ಷ, 1787ರ ಬೇಸಿಗೆಯಲ್ಲಿ, ಅವನನ್ನು ಸೋಲಿಸಿದವರು ಫಿಲಡೆಲ್ಫಿಯಾದ ಒಂದು ಕೋಣೆಯಲ್ಲಿ ಗುಟ್ಟಾಗಿ ಕೂತು ಇದಕ್ಕೆ ತದ್ವಿರುದ್ಧವಾದ ಕಾಗದವೊಂದನ್ನು ಬರೆಯುತ್ತಿದ್ದರು. ಯಾರೊಬ್ಬನ ಕೈಗೂ ಎಲ್ಲವೂ ಸಿಗಬಾರದು ಎಂಬುದೇ ಅದರ ಹೂರಣ. ವಾಷಿಂಗ್ಟನ್ನನೇ ಆ ಸಭೆಯ ಅಧ್ಯಕ್ಷ. 55 ಮಂದಿ ಬಂದಿದ್ದರು, ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದರು. ಅದೇ ಅಮೆರಿಕದ ಸಂವಿಧಾನ. ನಮ್ಮ ಸಂವಿಧಾನದ ಮುಂದೆ ಅದು ಪಂಚಾಂಗದ ಮುಂದೆ ಇಟ್ಟ ಲಗ್ನಪತ್ರಿಕೆಯಷ್ಟು ಚಿಕ್ಕದು.

ಹಿಂದಿನ ಕೂಡುಕುಟುಂಬಗಳನ್ನು ಕಂಡವರಿಗೆ ಅದರ ಏರ್ಪಾಡು ಸುಲಭವಾಗಿ ಅರ್ಥವಾಗುತ್ತದೆ. ಕಣಜದ ಬೀಗದ ಕೈ ಅತ್ತೆಯ ಸೊಂಟದಲ್ಲಿ. ಹೊಲ ಗದ್ದೆ, ಆಳು ಕಾಳು, ಊರವರೊಡನೆ ವ್ಯವಹಾರ ಮಾವನದು. ಇಬ್ಬರಿಗೂ ಜಟಾಪಟಿಯಾದರೆ ಬಂದು ಕೂತು ತೀರ್ಮಾನ ಹೇಳುವುದು ಸೋದರಮಾವ. ಅತ್ತೆ ಅಕ್ಕಿ ಅಳೆದುಕೊಡದಿದ್ದರೆ ಮಾವ ಎಷ್ಟು ಜನರನ್ನು ಊಟಕ್ಕೆ ಕರೆದರೂ ಎಲೆ ಬೀಳುವುದಿಲ್ಲ. ಅಮೆರಿಕದಲ್ಲಿ ಕಣಜದ ಬೀಗ ಇರುವುದು ಕಾಂಗ್ರೆಸ್ಸಿನ ಬಳಿ. (ನಮ್ಮ ಕಾಂಗ್ರೆಸ್ ಪಕ್ಷವೆಂದು ತಿಳಿಯಬೇಡಿ, ಅಲ್ಲಿಯ ಪಾರ್ಲಿಮೆಂಟಿನ ಹೆಸರೇ ಅದು.) ಕಾನೂನು ಮಾಡುವುದು, ತೆರಿಗೆ ಹಾಕುವುದು, ಯುದ್ಧ ಸಾರುವುದು, ಖರ್ಚಿಗೆ ಹಣ ಕೊಡುವುದು ಅದರ ಕೆಲಸ. ನಡೆಸುವುದು ಅಧ್ಯಕ್ಷ, ಸೈನ್ಯದ ಒಡೆಯನೂ ಅವನೇ. ಸೋದರಮಾವನ ಸ್ಥಾನದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು. ಒಮ್ಮೆ ಕೂತರೆಂದರೆ ಸಾಯುವವರೆಗೆ ಅಥವಾ ತಾವಾಗಿ ಬಿಡುವವರೆಗೆ ಅವರನ್ನು ಎಬ್ಬಿಸುವುದು ಬಹಳ ಕಷ್ಟ. ಕಾಂಗ್ರೆಸ್ ಮಾಡಿದ ಮಸೂದೆಯನ್ನು ಅಧ್ಯಕ್ಷ ಬೇಡವೆನ್ನಬಹುದು. ಆಗ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬಿದ್ದರೆ ಅವನ ಬೇಡವನ್ನೂ ಮೀರಿ ಅದು ಕಾನೂನಾಗುತ್ತದೆ.

ನಮ್ಮಲ್ಲಿ ಮುಖ್ಯಮಂತ್ರಿಯ ಕಡೆಯ ಶಾಸಕರು ರೆಸಾರ್ಟಿಗೆ ಹೋಗಿ ಕೂತರೆ ಸರ್ಕಾರವೇ ಉರುಳುತ್ತದೆ. ಈ ನಾಟಕವನ್ನು ನಾವು ಟಿ.ವಿ.ಯಲ್ಲಿ ಎಷ್ಟು ಸಲ ನೋಡಿಲ್ಲ! ಅಲ್ಲಿ ಅದು ನಡೆಯುವುದಿಲ್ಲ. ಅಧ್ಯಕ್ಷ ಕಾಂಗ್ರೆಸ್ಸಿನ ಸದಸ್ಯನೇ ಅಲ್ಲ, ಅವನ ಮಂತ್ರಿಗಳೂ ಸದಸ್ಯರಾಗಿರುವಂತಿಲ್ಲ. ಕಾಂಗ್ರೆಸ್ಸಿನಲ್ಲಿ ಅವನ ಪಕ್ಷಕ್ಕೆ ಬಹುಮತ ಹೋದರೂ ನಾಲ್ಕು ವರ್ಷ ಅವನ ಕುರ್ಚಿ ಭದ್ರ. ಆದರೆ ಅತ್ತೆ ಅಕ್ಕಿ ಅಳೆಯದೆ ಮುಖ ತಿರುಗಿಸಿ ಕೂರುವುದಂತೂ ಉಂಟು. 2025ರ ಅಕ್ಟೋಬರ್ 1ರಿಂದ 43 ದಿನ ಖರ್ಚಿನ ಮಸೂದೆ ಪಾಸಾಗದೆ ಅಲ್ಲಿಯ ಸರ್ಕಾರಿ ಕಚೇರಿಗಳು ಅರ್ಧಕ್ಕರ್ಧ ಬಾಗಿಲು ಮುಚ್ಚಿದ್ದವು, ಲಕ್ಷಗಟ್ಟಲೆ ನೌಕರರು ಸಂಬಳವಿಲ್ಲದೆ ಇದ್ದರು. ಬೀಗದ ಕೈ ಹಂಚಿಕೊಂಡ ಮನೆಯಲ್ಲಿ ಒಮ್ಮೊಮ್ಮೆ ಹೊಟ್ಟೆಗೂ ಇಲ್ಲದಂತಾಗುತ್ತದೆ, ಅದನ್ನೂ ಹೇಳಬೇಕು.

ಕಾಂಗ್ರೆಸ್ಸಿಗೆ ಎರಡು ಮನೆ. ಕೆಳಮನೆಗೆ 435 ಜನ, ಜನಸಂಖ್ಯೆಗೆ ತಕ್ಕಂತೆ, ಎರಡೆರಡು ವರ್ಷಕ್ಕೊಮ್ಮೆ ಚುನಾವಣೆ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರು 2022ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಕಡೆಯಿಂದ ಆಯ್ಕೆಯಾಗಿದ್ದು ಈ ಮನೆಗೆ. ಮೇಲ್ಮನೆಯ ಹೆಸರು ಸೆನೆಟ್. ಸಣ್ಣದಿರಲಿ ದೊಡ್ಡದಿರಲಿ ರಾಜ್ಯಕ್ಕೆ ಇಬ್ಬರಂತೆ 50 ರಾಜ್ಯಕ್ಕೆ 100 ಜನ. ನಾಲ್ಕು ಕೋಟಿಯ ಹತ್ತಿರ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ, ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಇಬ್ಬರೇ. ಸಣ್ಣ ರಾಜ್ಯಗಳು ಒಪ್ಪದೆ ಕೂತಾಗ ಮಾಡಿಕೊಂಡ ರಾಜಿ ಇದು. ಅಧ್ಯಕ್ಷ ನೇಮಿಸುವ ದೊಡ್ಡ ಅಧಿಕಾರಿಗಳಿಗೂ ನ್ಯಾಯಾಧೀಶರಿಗೂ ಸೆನೆಟ್ ಒಪ್ಪಿಗೆ ಬೇಕು. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮೂಲದ ಡಾಕ್ಟರ್ ವಿವೇಕ್ ಮೂರ್ತಿಯವರನ್ನು ಅಧ್ಯಕ್ಷ ಒಬಾಮಾ 2013ರ ನವೆಂಬರಿನಲ್ಲಿ ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿದಾಗ ಆದದ್ದು ನೆನಪಿದೆಯೆ? ಬಂದೂಕು ಎಂಬುದು ಆರೋಗ್ಯದ ಪ್ರಶ್ನೆ ಎಂದು ಅವರು ಹಿಂದೊಮ್ಮೆ ಹೇಳಿದ್ದೇ ತಪ್ಪಾಯಿತು. ಬಂದೂಕಿನ ಪರವಾದ ಸಂಘದವರು ಸೆನೆಟರುಗಳ ಮೇಲೆ ಒತ್ತಡ ಹಾಕಿ ಒಂದು ವರ್ಷಕ್ಕೂ ಹೆಚ್ಚು ಕಾಲ ತಡೆದರು. ಕೊನೆಗೆ 2014ರ ಡಿಸೆಂಬರಿನಲ್ಲಿ 51–43 ಮತಗಳಿಂದ ಒಪ್ಪಿಗೆ ಸಿಕ್ಕಿತು. ಅಧ್ಯಕ್ಷನೆಂದರೆ ಸರ್ವಾಧಿಕಾರಿ ಎಂದು ತಿಳಿದಿದ್ದ ನಮ್ಮ ಪಕ್ಕದ ಮನೆಯಾಕೆಗೆ ಈ ಒಂದು ಸಂಗತಿ ಹೇಳಿದ ಮೇಲೆ ಇಡೀ ಏರ್ಪಾಡು ಅರ್ಥವಾಯಿತು.

ಅಧ್ಯಕ್ಷನನ್ನು ಆರಿಸುವ ರೀತಿಯಂತೂ ಒಂದು ಒಗಟು. ಜನ ಹಾಕಿದ ಮತವನ್ನು ದೇಶಕ್ಕೆಲ್ಲ ಒಟ್ಟು ಕೂಡಿಸುವುದಿಲ್ಲ. ಪ್ರತಿ ರಾಜ್ಯಕ್ಕೂ ಇಷ್ಟು ಎಂದು ಮತದಾರ ಪ್ರತಿನಿಧಿಗಳಿದ್ದಾರೆ, ಎಲ್ಲ ಸೇರಿ 538. ಹೆಚ್ಚಿನ ರಾಜ್ಯಗಳಲ್ಲಿ ಒಂದು ಮತದಿಂದ ಗೆದ್ದರೂ ಆ ರಾಜ್ಯದ ಅಷ್ಟೂ ಗೆದ್ದವನಿಗೇ. 270 ಮುಟ್ಟಿದವರು ಅಧ್ಯಕ್ಷರು. ಹೀಗಾಗಿಯೇ 2016ರಲ್ಲಿ ಹಿಲರಿ ಕ್ಲಿಂಟನ್ ಎದುರಾಳಿಗಿಂತ ಸುಮಾರು 28 ಲಕ್ಷ ಹೆಚ್ಚು ಮತ ಪಡೆದೂ ಸೋತರು. ಇದನ್ನು ಸಮರ್ಥಿಸುವವರು ಅಲ್ಲಿ ಬಹಳ ಜನರಿದ್ದಾರೆ. ನನಗೇನೋ ಅದು ಹಳೇ ಮನೆಯ ಕತ್ತಲೆ ಕೋಣೆಯ ಹಾಗೆ, ಕೆಡವಲಾರದೆ ಇಟ್ಟುಕೊಂಡದ್ದು ಎಂದೇ ತೋರುತ್ತದೆ.

ಇರಲಿ, ನಮ್ಮ ರಸ್ತೆಗೆ ಬರೋಣ. 1789ರ ಏಪ್ರಿಲ್ 30ರಂದು ವಾಷಿಂಗ್ಟನ್ ಮೊದಲ ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸಿದ. 1791ರ ಮಾರ್ಚ್ ಮೊದಲ ವಾರದಲ್ಲಿ ಕಾರ್ನ್‌ವಾಲಿಸ್ ಕೋಲಾರ, ಹೊಸಕೋಟೆಗಳ ಮೇಲೆ ಬೆಂಗಳೂರಿಗೆ ಬಂದ. ಮೊದಲು ಪೇಟೆ ಬಿತ್ತು. 21ರ ರಾತ್ರಿ ಬೆಳದಿಂಗಳಲ್ಲಿ ಕೋಟೆ ಬಿತ್ತು. ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಕೆ.ಆರ್. ಮಾರ್ಕೆಟ್ಟಿಗೆ ತರಕಾರಿಗೆಂದು ಹೋದಾಗ ನೀವು ಕಂಡಿರಬಹುದು, ಅಲ್ಲಿ ಉಳಿದಿರುವ ಕೋಟೆಯ ಗೋಡೆಯಲ್ಲಿ ಆ ದಿನವನ್ನು ಹೇಳುವ ಒಂದು ಕಲ್ಲಿದೆ. ವಾರ ಕಳೆಯುವಷ್ಟರಲ್ಲಿ ನಿಜಾಮನ ಕುದುರೆ ದಂಡನ್ನು ಎದುರುಗೊಳ್ಳಲು ಸೈನ್ಯ ನಮ್ಮ ಉತ್ತರ ದಿಕ್ಕಿಗೆ ಹೊರಟಿತು. ಸಾವಿರಾರು ಸಿಪಾಯಿಗಳು, ಅವರ ಹಿಂದೆ ಅದಕ್ಕಿಂತ ಹೆಚ್ಚು ಪರಿವಾರ, ಎತ್ತುಗಳು. ಅಂಥ ದಂಡು ಹಾದುಹೋದ ಊರಿನಲ್ಲಿ ಹುಲ್ಲಿನ ಬಣವೆ, ಮನೆಯ ತೊಲೆ, ಕಣಜದ ರಾಗಿ ಏನು ಉಳಿದೀತು? ಟಿಪ್ಪುವಿನ ಕಡೆಯವರೂ ಶತ್ರುವಿಗೆ ಸಿಗದಿರಲೆಂದು ಮೇವನ್ನು ಸುಡುತ್ತಿದ್ದರು. ಎರಡು ಕಡೆಯ ಬೆಂಕಿಗೂ ಊರಿನ ಹೆಂಗಸರ ಒಲೆಯೇ ಆರಿಹೋಗುವುದು. ಅಕ್ಟೋಬರಿನಲ್ಲಿ ನಂದಿದುರ್ಗ ಬಿತ್ತು. ಮರುವರ್ಷ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು, ಕೊಡುವ ತನಕ ಎಳೆಯ ಮಕ್ಕಳಿಬ್ಬರನ್ನು ಒತ್ತೆ ಇಡಬೇಕು. ಮಕ್ಕಳು ಮನೆಗೆ ಬಂದದ್ದು 1794ರಲ್ಲಿ. ಇಷ್ಟು ದೊಡ್ಡ ನಿರ್ಧಾರಗಳಲ್ಲಿ ನಮ್ಮ ನಾಡಿನ ಒಬ್ಬ ರೈತನನ್ನಾಗಲಿ ವರ್ತಕನನ್ನಾಗಲಿ ಯಾರೂ ಒಂದು ಮಾತು ಕೇಳಲಿಲ್ಲ, ಅವರೂ ಕೇಳಲಿಲ್ಲ, ಇವರೂ ಕೇಳಲಿಲ್ಲ.

ಅದೇ 1791ರ ಡಿಸೆಂಬರ್ 15ರಂದು, ನಂದಿ ಬಿದ್ದು ಎರಡು ತಿಂಗಳೂ ಆಗಿರದಿದ್ದಾಗ, ಅಮೆರಿಕನ್ನರು ತಮ್ಮ ಸಂವಿಧಾನಕ್ಕೆ ಹತ್ತು ತಿದ್ದುಪಡಿಗಳನ್ನು ಸೇರಿಸಿಕೊಂಡರು. ಮಾತಿಗೆ, ಪತ್ರಿಕೆಗೆ, ಧರ್ಮಕ್ಕೆ, ಸಭೆ ಸೇರುವುದಕ್ಕೆ, ಅಹವಾಲು ಹೇಳಿಕೊಳ್ಳುವುದಕ್ಕೆ ಸರ್ಕಾರ ಅಡ್ಡ ಬರಬಾರದು ಎಂಬುದು ಮೊದಲನೆಯದು. ಎಲ್ಲರೂ ಹೊಗಳುವುದು ಅದನ್ನೇ. ನನಗೆ ಮೂರನೆಯದರ ಮೇಲೆ ಮಮತೆ. ಶಾಂತಿಯ ಕಾಲದಲ್ಲಿ ಮನೆಯ ಒಡೆಯರ ಒಪ್ಪಿಗೆಯಿಲ್ಲದೆ ಯಾವ ಸೈನಿಕನನ್ನೂ ಯಾರ ಮನೆಯಲ್ಲೂ ಇರಿಸುವಂತಿಲ್ಲ ಎನ್ನುತ್ತದೆ ಅದು. ನಾಲ್ಕನೆಯದು, ಕಾರಣ ಬರೆದ ಕೋರ್ಟಿನ ವಾರಂಟಿಲ್ಲದೆ ಮನೆ ಹೊಕ್ಕು ಹುಡುಕಬಾರದು ಎನ್ನುತ್ತದೆ. ದಂಡು ಮನೆಯೊಳಗೆ ನುಗ್ಗುವುದೆಂದರೆ ಏನೆಂದು ಅನುಭವಿಸಿದವರೇ ಅದನ್ನು ಬರೆದಿರಬೇಕು. ಆ ವರ್ಷ ಆ ಎರಡು ಸಾಲು ಬೇಕಾಗಿದ್ದದ್ದು ನಮ್ಮ ಹೊಸಕೋಟೆ, ದೇವನಹಳ್ಳಿಯ ಹೆಂಗಸರಿಗೂ.

ಕಾರ್ನ್‌ವಾಲಿಸನನ್ನು ರಾಕ್ಷಸ ಮಾಡುವುದು ನನ್ನ ಉದ್ದೇಶವಲ್ಲ. 1793ರಲ್ಲಿ ಅವನು ಬಂಗಾಳದಲ್ಲಿ ಕಂದಾಯ ವಸೂಲಿ ಮಾಡುವವನ ಕೈಯಿಂದ ನ್ಯಾಯ ಹೇಳುವ ಅಧಿಕಾರವನ್ನು ತೆಗೆದು ಬೇರೆ ನ್ಯಾಯಾಧೀಶರಿಗೆ ಕೊಟ್ಟ. ಎರಡು ಬೀಗಗಳು ಒಂದೇ ಸೊಂಟದಲ್ಲಿರಬಾರದು ಎಂಬುದು ಅವನಿಗೂ ಗೊತ್ತಿತ್ತು. ಆದರೆ ದೊಡ್ಡ ಹುದ್ದೆ ಯಾವುದನ್ನೂ ಇಂಡಿಯಾದವರಿಗೆ ಕೊಡಲಿಲ್ಲ. ಮನೆಯವರನ್ನೇ ಹೊರಗಿಟ್ಟು ಬೀಗ ಹಂಚಿದ.

ಅಮೆರಿಕನ್ನರೂ ಮನೆಯವರನ್ನು ಹೊರಗಿಟ್ಟೇ ಹಂಚಿದ್ದರು. ಗುಲಾಮರಿಗೆ ಮತವಿಲ್ಲ, ಆದರೆ ಅವರ ಒಡೆಯರ ರಾಜ್ಯಗಳಿಗೆ ಹೆಚ್ಚು ಸೀಟು ಸಿಗಲೆಂದು ಜನಗಣತಿಯಲ್ಲಿ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಾಕಿಕೊಂಡರು. ಇಂಥ ಲೆಕ್ಕವನ್ನು ಅಷ್ಟು ಓದಿಕೊಂಡ ಜನ ಹೇಗೆ ಬರೆದರೋ! ಹೆಂಗಸರನ್ನಂತೂ ನೆನೆಯಲೇ ಇಲ್ಲ. ನೆನಪು ಮಾಡಿಕೊಟ್ಟವರು ಇದ್ದರು. ಮುಂದೆ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್‌ನಿಗೆ ಅವನ ಹೆಂಡತಿ ಅಬಿಗೇಲ್ 1776ರ ಮಾರ್ಚಿನಲ್ಲೇ ಕಾಗದ ಬರೆದು, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬೇಡಿ ಎಂದು ಕೇಳಿಕೊಂಡಿದ್ದಳು. ಗಂಡ ನಕ್ಕು ಉತ್ತರ ಬರೆದ. 1872ರಲ್ಲಿ ಸೂಸನ್ ಆಂಟನಿ ಎಂಬಾಕೆ ಧೈರ್ಯ ಮಾಡಿ ಹೋಗಿ ಮತ ಹಾಕಿದ್ದಕ್ಕೆ ದಸ್ತಗಿರಿ ಮಾಡಿ 100 ಡಾಲರ್ ದಂಡ ಹಾಕಿದರು. ಆಕೆ ಕೊನೆಯವರೆಗೂ ಆ ದಂಡ ಕಟ್ಟಲಿಲ್ಲ.

ಹೆಂಗಸರಿಗೆ ಮತ ಕೊಡುವ ಹತ್ತೊಂಬತ್ತನೆಯ ತಿದ್ದುಪಡಿ 1920ರಲ್ಲಿ ಬಂತು. ಅದು ಬಂದ ರೀತಿ ತಾಯಂದಿರು ಓದಬೇಕಾದ್ದು. ತಿದ್ದುಪಡಿಗೆ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳ ಒಪ್ಪಿಗೆ ಬೇಕು. ಆಗ 36 ರಾಜ್ಯಗಳು ಬೇಕಿತ್ತು, 35 ಆಗಿತ್ತು. ಟೆನೆಸಿ ರಾಜ್ಯದ ಶಾಸನಸಭೆಯಲ್ಲಿ ಆಗಸ್ಟ್ 18ರಂದು ಮತಕ್ಕೆ ಬಂತು. ಬೇಡವೆನ್ನುವವರು ಕೋಟಿಗೆ ಕೆಂಪು ಗುಲಾಬಿ ಸಿಕ್ಕಿಸಿಕೊಂಡಿದ್ದರು. ಹ್ಯಾರಿ ಬರ್ನ್ ಎಂಬ 24 ವರ್ಷದ ಹುಡುಗನ ಎದೆಯ ಮೇಲೂ ಕೆಂಪು ಗುಲಾಬಿಯೇ. ಆದರೆ ಜೇಬಿನೊಳಗೆ ಅವನ ತಾಯಿಯ ಕಾಗದವಿತ್ತು. ಒಳ್ಳೆಯ ಹುಡುಗನಾಗು, ಹೆಂಗಸರ ಪರವಾಗಿ ಮತ ಹಾಕು ಎಂಬುದು ಅದರ ಸಾರ. ಅವನ ಹೆಸರು ಕೂಗಿದಾಗ ಹುಡುಗ "ಹೂಂ" ಎಂದುಬಿಟ್ಟ! ಮರುದಿನ ಸಭೆಯಲ್ಲಿ, ಮಗನಿಗೆ ತಾಯಿಯ ಮಾತು ಕೇಳುವುದೇ ಕ್ಷೇಮ ಎಂದು ಕಾರಣ ಕೊಟ್ಟ. ಮತವೇ ಇಲ್ಲದ ತಾಯಿಯೊಬ್ಬಳು ಹಳ್ಳಿಯ ಮನೆಯಲ್ಲಿ ಕೂತು ಬರೆದ ಕಾಗದ ಕೋಟಿಗಟ್ಟಲೆ ಹೆಂಗಸರಿಗೆ ಮತ ತಂದುಕೊಟ್ಟಿತು.

ನಮ್ಮ ಮೈಸೂರಿನ ದಾರಿ ಬೇರೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ದಸರೆಯ ಸಮಯಕ್ಕೆ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ನಾಡಿನ ಎಲ್ಲ ಕಡೆಯಿಂದ ಬಂದ 144 ಜನ ರೈತರು, ವರ್ತಕರು. ಅವರು ಅಹವಾಲು ಹೇಳಬಹುದು, ದಿವಾನರು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಬೀಗದ ಕೈ ಸಿಗಲಿಲ್ಲ, ಕಣಜದ ಕೋಣೆಯ ಬಾಗಿಲಲ್ಲಿ ನಿಲ್ಲಲು ಬಿಟ್ಟರು. ಆದರೂ ಅದು ಸಣ್ಣ ಮಾತಲ್ಲ. 1791ರಲ್ಲಿ ಯಾರೂ ಕೇಳದಿದ್ದ ರೈತನನ್ನು ತೊಂಬತ್ತು ವರ್ಷಕ್ಕೆ ಒಬ್ಬರು ಕೇಳಿದರು. 1891ರಿಂದ ಚುನಾವಣೆ, 1907ರಿಂದ ನ್ಯಾಯವಿಧಾಯಕ ಸಭೆ ಬಂದವು. ಬ್ರಜೇಂದ್ರನಾಥ ಸೀಲರ ಸಮಿತಿಯ ವರದಿಯಾದ ಮೇಲೆ 1923ರ ಕಾಯ್ದೆ, ಹೆಂಗಸು ಎಂಬ ಕಾರಣಕ್ಕೆ ಮತ ಇಲ್ಲ ಎನ್ನುವುದನ್ನು ತೆಗೆದುಹಾಕಿತು. ಅಮೆರಿಕಕ್ಕೂ ಮೈಸೂರಿಗೂ ಮೂರೇ ವರ್ಷದ ಅಂತರ ಎಂದು ನಾವು ಹೆಮ್ಮೆಪಡಬಹುದು. ಆದರೆ ಮತಕ್ಕೆ ಆಸ್ತಿ, ಕಂದಾಯದ ಅರ್ಹತೆ ಇತ್ತು. ಹೆಂಗಸರ ಹೆಸರಿನಲ್ಲಿ ಆಸ್ತಿ ಎಷ್ಟು ಮನೆಗಳಲ್ಲಿತ್ತು ಹೇಳಿ?

ನಮ್ಮ ಅಜ್ಜಿ ಮೊದಲ ಮತ ಹಾಕಿದ್ದು 1952ರ ಮೊದಲ ಮಹಾಚುನಾವಣೆಯ ಕಾಲದಲ್ಲಿ. ಆಗ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತು. ಅಜ್ಜಿ ತಲೆಗೆ ಎರೆದುಕೊಂಡು, ಹೂ ಮುಡಿದು ಹೋಗಿ, ಜೋಡೆತ್ತಿನ ಪೆಟ್ಟಿಗೆಗೆ ಚೀಟಿ ಹಾಕಿ ಕೈಮುಗಿದು ಬಂದರಂತೆ. ಆ ಚುನಾವಣೆಯ ಪಟ್ಟಿ ಮಾಡುವಾಗ ಉತ್ತರ ದೇಶದ ಲಕ್ಷಾಂತರ ಹೆಂಗಸರು ಪರಗಂಡಸರ ಮುಂದೆ ತಮ್ಮ ಹೆಸರು ಹೇಳಲು ನಾಚಿ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪದೆ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆಸಿದರು. ಕಟುವಾಯಿತು ಎನ್ನುವವರಿದ್ದಾರೆ. ನನಗೆ ಅದು ಸರಿಯೆಂದೇ ಕಾಣುತ್ತದೆ. ಈಡನ್‌ಟನ್ನಿನ ಆ 51 ಜನ ತಮ್ಮ ಹೆಸರು ಬರೆದರು ಎಂಬುದೇ ಅಲ್ಲವೆ ದೊಡ್ಡದು! ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಅಕ್ಷರ ಬಾರದ ನಮ್ಮ ಅಜ್ಜಿ ಯಾವ ಪರೀಕ್ಷೆಯೂ ಇಲ್ಲದೆ ಮತ ಹಾಕಿ ಬಂದ ಕಾಲದಲ್ಲಿ, ಮಿಸಿಸಿಪಿಯ ಕಪ್ಪು ಹೆಂಗಸೊಬ್ಬಳು ಓದುಬರಹದ ಪರೀಕ್ಷೆ, ತೆರಿಗೆ, ಬೆದರಿಕೆ ಎಲ್ಲವನ್ನೂ ದಾಟಬೇಕಿತ್ತು. 1965ರ ಮತದಾನದ ಹಕ್ಕಿನ ಕಾಯ್ದೆ ಬಂದ ಮೇಲೆಯೇ ಆಕೆಗೆ ಬಾಗಿಲು ತೆರೆದದ್ದು.

ತಂಗಿಯ ಮಗಳು ಪರೀಕ್ಷೆ ಪಾಸಾದಳು. ಆ ದೇಶದಲ್ಲಿ ಮತದಾನವೆಂದರೆ ಒಂದು ಉದ್ದನೆಯ ಪಟ್ಟಿ. ಅಧ್ಯಕ್ಷ, ಸೆನೆಟರುಗಳಿಂದ ಹಿಡಿದು ಅವಳ ಮಕ್ಕಳ ಶಾಲೆಯ ಮಂಡಳಿಯವರೆಗೆ ಎಲ್ಲಕ್ಕೂ ಆರಿಸಬೇಕು. ಮೊದಲ ಬಾರಿ ಮತ ಹಾಕಿ ಬಂದ ದಿನ ಫೋನು ಮಾಡಿ ಅದನ್ನೆಲ್ಲ ಹೇಳಿ, "ದೊಡ್ಡಮ್ಮ, ನಿಮ್ಮ ವಾರ್ಡಿನ ಕಾರ್ಪೊರೇಟರ್ ಈಗ ಯಾರು?" ಎಂದಳು.

ಯಾರೂ ಇಲ್ಲ ಎಂದೆ. ಯಲಹಂಕಕ್ಕೆ ಮೊದಲು ನಮ್ಮದೇ ನಗರಸಭೆ ಇತ್ತು. 2007ರಲ್ಲಿ ಅದೂ ಬ್ಯಾಟರಾಯನಪುರ, ದಾಸರಹಳ್ಳಿ ಮುಂತಾದ ನಗರಸಭೆಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಆದ ಮೇಲೆ ಚುನಾವಣೆ ನಡೆಯಲು 2010ರ ಮಾರ್ಚ್ ಬರಬೇಕಾಯಿತು. 2015ರಲ್ಲಿ ಮತ್ತೆ ನಡೆಯಿತು, 198 ವಾರ್ಡುಗಳಲ್ಲಿ ಅರ್ಧದಷ್ಟು ಹೆಂಗಸರಿಗೆ. 2016ರಲ್ಲಿ ಜಿ. ಪದ್ಮಾವತಿಯವರು, 2018ರಲ್ಲಿ ಗಂಗಾಂಬಿಕೆಯವರು ಮೇಯರ್ ಆದರು. ಬೀದಿ ದೀಪದ ಮಾತಿಗೆ ಒಬ್ಬ ಹೆಂಗಸಿನ ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿಬರುವ ಅನುಕೂಲ ನಮಗೆಲ್ಲ ಇತ್ತು. 2020ರ ಸೆಪ್ಟೆಂಬರಿನಲ್ಲಿ ಆ ಅವಧಿ ಮುಗಿಯಿತು. ಆಮೇಲೆ ವಾರ್ಡುಗಳ ಗಡಿ, ಮೀಸಲಾತಿ, ಕೋರ್ಟು, ಹೊಸ ಕಾಯ್ದೆ ಎಂದು ಐದು ವರ್ಷ ಚುನಾವಣೆಯೇ ಇಲ್ಲದೆ, ಒಂದು ಕೋಟಿಗೂ ಹೆಚ್ಚು ಜನರ ಊರನ್ನು ಸರ್ಕಾರ ನೇಮಿಸಿದ ಅಧಿಕಾರಿಗಳು ನಡೆಸಿದರು. ಆ ಐದು ವರ್ಷವೂ ನಾವು ಏಪ್ರಿಲ್ ತಿಂಗಳಲ್ಲೇ, ನೂರಕ್ಕೆ ಐದರ ರಿಯಾಯಿತಿ ತಪ್ಪಬಾರದೆಂದು, ಮನೆಗಂದಾಯ ಕಟ್ಟಿದೆವು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಆ ಪ್ರಶ್ನೆಗೆ ಮೊದಲನೇ ಉತ್ತರ" ಎಂದಳು.

2025ರ ಸೆಪ್ಟೆಂಬರ್ 2ರಿಂದ ಬೆಂಗಳೂರಿಗೆ ಒಂದರ ಬದಲು ಐದು ನಗರ ಪಾಲಿಕೆಗಳಾದವು. ಯಲಹಂಕದ ನಾವು ಉತ್ತರ ನಗರ ಪಾಲಿಕೆಗೆ ಸೇರಿದೆವು. ಕಂದಾಯದ ರಸೀದಿಗಳನ್ನೆಲ್ಲ ಅಜ್ಜಿಯ ಕಾಲದ ಟ್ರಂಕಿನಲ್ಲಿ ವರ್ಷದ ಪ್ರಕಾರ ಜೋಡಿಸಿಟ್ಟಿದ್ದೇನೆ. ಆ ವರ್ಷದ ಏಪ್ರಿಲ್‌ನ ರಸೀದಿಯ ಮೇಲೆ ಇರುವುದು ಹಳೆಯ ಪಾಲಿಕೆಯ ಹೆಸರೇ.